ಅರಸನ ಕರೆಗೆ ಓಗೊಡದ ನಾದಯೋಗಿ ಶ್ರೀ ತ್ಯಾಗರಾಜರು

ದಾಕ್ಷಿಣ್ಯವು ಸಜ್ಜನರಿಗೆ ಭೂಷಣವೆಂದು ಹಿರಿಯರು ಹೇಳುತ್ತಾರೆ. ಮನೆಗೆ ಬಂದವರನ್ನು ಆದರಿಸುವುದು, ಕೇಳಿದವರಿಗೆ ಮುಖ ತಿರುಗಿಸದಿರುವುದು, ನಾಲ್ವರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳುವುದು ಇವೆಲ್ಲ ಸದ್ಗುಣಗಳೇ ಸರಿ. ಆದರೆ ಇದೇ ದಾಕ್ಷಿಣ್ಯವು ಎಲ್ಲೆಯನ್ನು ಮೀರಿದಾಗ ಕೊರಳಿಗೆ ಬಿದ್ದ ಉರುಳಾಗುತ್ತದೆ. ಮೇಲಧಿಕಾರಿಯ ಮುಖ ನೋಡಿ ನಗುವುದು, ಬಂಧುಗಳು ಏನೆಂದುಕೊಳ್ಳುವರೋ ಎಂದು ಸಾಲ ಮಾಡಿ ಸಮಾರಂಭ ನಡೆಸುವುದು, ಒಪ್ಪದ ಮಾತಿಗೂ ಸಭೆಯಲ್ಲಿ ತಲೆದೂಗುವುದು, ಕೊನೆಗೆ ದಿನದ ಹೊತ್ತೆಲ್ಲವನ್ನೂ ಪರರ ಮರ್ಜಿ ಕಾಯುವುದರಲ್ಲಿಯೇ ಕಳೆದು ರಾತ್ರಿ ದೇವರ ಮುಂದೆ ಕುಳಿತಾಗ ತನ್ನದೆಂದು ಒಂದು ಗಳಿಗೆಯೂ ಉಳಿದಿಲ್ಲವೆಂದು ಕಾಣುವುದು, ಇದು ನಗರವಾಸಿಗಳಾದ ನಮ್ಮಲ್ಲಿ ಬಹುಮಂದಿಯ ನಿತ್ಯದ ಅನುಭವ.

ಹಾಗಾದರೆ ಲೋಕವನ್ನು ಧಿಕ್ಕರಿಸಿ ಬಾಳಬೇಕೆ? ದಾಕ್ಷಿಣ್ಯವನ್ನು ಬಿಟ್ಟವನು ನಿಷ್ಠುರನೂ ಅಹಂಕಾರಿಯೂ ಆಗಲೇಬೇಕೆ? ಯಾರನ್ನೂ ನೋಯಿಸದೆ, ಯಾರಿಗೂ ತಲೆಬಾಗದೆ, ತಾನು ಕಂಡುಕೊಂಡ ದಾರಿಯಲ್ಲಿಯೇ ಕೊನೆಯವರೆಗೆ ನಡೆಯುವುದು ಗೃಹಸ್ಥನಾದವನಿಗೆ ಸಾಧ್ಯವೆ? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಅಂತಹ ಬದುಕನ್ನು ಬದುಕಿ ತೋರಿಸಿದವರ ಚರಿತ್ರೆಯನ್ನು ನೋಡುವುದು ಮೇಲು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ತಿರುವೈಯ್ಯಾರಿನ ಶ್ರೀ ತ್ಯಾಗರಾಜರ ಜೀವನವು ಅಂತಹುದು.

ಅವರ ಚರಿತ್ರೆಯ ಬಗೆಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಅವರ ಬದುಕಿನ ಬಹುಪಾಲು ಸಂಗತಿಗಳು ನಮಗೆ ತಿಳಿದಿರುವುದು ಶಿಷ್ಯಪರಂಪರೆಯಿಂದ. ವಾಲಾಜಾಪೇಟೆಯ ವೆಂಕಟರಮಣ ಭಾಗವತರೂ ಅವರ ಪುತ್ರ ಕೃಷ್ಣಸ್ವಾಮಿ ಭಾಗವತರೂ ಬರೆದಿಟ್ಟ ಚರಿತ್ರೆಗಳು ಇವುಗಳಿಗೆ ಮುಖ್ಯ ಆಧಾರ. ಅದರಲ್ಲಿ ಇತಿಹಾಸವೂ ಉಂಟು, ಭಕ್ತರ ಹೃದಯವು ಕಂಡ ಮಹಿಮೆಯೂ ಉಂಟು. ಪರಂಪರೆಯ ಕಥೆಯನ್ನು ಪರಂಪರೆಯ ಕಥೆಯೆಂದೇ ಹೇಳುತ್ತ ಮುಂದುವರಿಯೋಣ.

ಜನನ ಮತ್ತು ಬಾಲ್ಯ

ತ್ಯಾಗರಾಜರು ಜನಿಸಿದುದು ಸರ್ವಜಿತ್ ಸಂವತ್ಸರದಲ್ಲಿ, 1767ನೆಯ ಇಸವಿ ಮೇ 4ರಂದು, ಚೋಳಮಂಡಲದ ತಿರುವಾರೂರಿನಲ್ಲಿ. ಅಲ್ಲಿಯ ಕ್ಷೇತ್ರಸ್ವಾಮಿಯಾದ ತ್ಯಾಗರಾಜನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ರಾಮಬ್ರಹ್ಮಂ, ತಾಯಿ ಸೀತಮ್ಮ. ತೆಲುಗು ಮಾತೃಭಾಷೆಯ ಮುಲಕನಾಡು ಬ್ರಾಹ್ಮಣ ಕುಟುಂಬ. ಶ್ಯಾಮಾಶಾಸ್ತ್ರಿಗಳೂ ಮುತ್ತುಸ್ವಾಮಿ ದೀಕ್ಷಿತರೂ ಅದೇ ಊರಿನಲ್ಲಿ ಅದೇ ತಲೆಮಾರಿನಲ್ಲಿ ಹುಟ್ಟಿದರೆಂಬುದು ಆ ಮಣ್ಣಿನ ಭಾಗ್ಯ.

ಮುಂದೆ ಕುಟುಂಬವು ತಿರುವೈಯ್ಯಾರಿಗೆ ಬಂದು ನೆಲೆಸಿತು. ತಂಜಾವೂರಿನಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಕಾವೇರಿಯ ದಡದಲ್ಲಿರುವ ಈ ಊರಿಗೆ ಐದು ನದಿಗಳ ಊರು ಎಂಬುದರಿಂದ ಪಂಚನದ ಕ್ಷೇತ್ರವೆಂದು ಹೆಸರು. ತಂದೆ ರಾಮಾಯಣವನ್ನು ಪ್ರವಚನ ಮಾಡುವವರು. ಮನೆಯಲ್ಲಿ ಶ್ರೀರಾಮನ ಪೂಜೆ ನಿತ್ಯವೂ ನಡೆಯುತ್ತಿತ್ತು. ತಾಯಿಯಿಂದ ಬಾಲಕನಿಗೆ ಜಯದೇವಕವಿಯ ಅಷ್ಟಪದಿಗಳೂ ಪುರಂದರದಾಸರ ಪದಗಳೂ ದೊರೆತವೆಂದು ಚರಿತ್ರಕಾರರು ಹೇಳುತ್ತಾರೆ. ಈ ಮಾತಿಗೆ ಪುಷ್ಟಿ ಕೊಡುವಂತೆ, ತ್ಯಾಗರಾಜರು ತಾವು ರಚಿಸಿದ ಪ್ರಹ್ಲಾದ ಭಕ್ತಿ ವಿಜಯವೆಂಬ ಗೇಯನಾಟಕದ ಆರಂಭದಲ್ಲಿ ಪುರಂದರದಾಸರನ್ನು ಹೆಸರೆತ್ತಿ ವಂದಿಸಿದ್ದಾರೆ. ಹಂಪೆಯ ತುಂಗಭದ್ರೆಯ ತೀರದಿಂದ ಹೊರಟ ದಾಸವಾಣಿಯು ಎರಡು ಶತಮಾನಗಳ ಬಳಿಕ ಕಾವೇರಿಯ ತೀರದಲ್ಲಿ ಒಬ್ಬ ತಾಯಿಯ ಕಂಠದಿಂದ ಮಗನಿಗೆ ಸಂದಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಬಾಲಕನ ಸಂಗೀತಪ್ರತಿಭೆಯನ್ನು ಕಂಡು ತಂದೆಯು ಅವನನ್ನು ಸೊಂಠಿ ವೆಂಕಟರಮಣಯ್ಯನವರಲ್ಲಿ ಶಿಷ್ಯವೃತ್ತಿಗೆ ಬಿಟ್ಟರು. ಅವರು ತಂಜಾವೂರಿನ ಆಸ್ಥಾನ ವಿದ್ವಾಂಸರು. ಸಂಗೀತವು ಎಲ್ಲಿ ಬೆಳೆಯುತ್ತದೆ, ಯಾರ ಆಶ್ರಯದಲ್ಲಿ ಬೆಳೆಯುತ್ತದೆ ಎಂಬುದನ್ನು ತ್ಯಾಗರಾಜರು ಗುರುಗಳ ಮೂಲಕವೇ ಹತ್ತಿರದಿಂದ ನೋಡಿದ್ದರು. ಆಸ್ಥಾನದ ಬದುಕು ಎಂತಹುದೆಂದು ಅರಿಯದೆ ಅದನ್ನು ಬಿಟ್ಟವರಲ್ಲ ಅವರು.

ಆ ಕಾಲದ ತಂಜಾವೂರು

ತ್ಯಾಗರಾಜರ ನಿರ್ಧಾರದ ಬೆಲೆಯನ್ನು ತಿಳಿಯಬೇಕಾದರೆ ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೋಡಬೇಕು. 1781ರಲ್ಲಿ ಹೈದರನ ಸೈನ್ಯವು ತಂಜಾವೂರು ಸೀಮೆಯನ್ನು ಹಾಯ್ದುಹೋಯಿತು. ಕಾಲುವೆಗಳು ಹಾಳಾಗಿ, ಪೈರು ನಾಶವಾಗಿ, ಅನ್ನದ ಕಣಜವೆನಿಸಿದ್ದ ನಾಡಿನಲ್ಲಿಯೇ ಅನ್ನಕ್ಕೆ ಬಡತನವುಂಟಾಯಿತು. ಆಗ ತ್ಯಾಗರಾಜರಿಗೆ ಹದಿನಾಲ್ಕು ವರ್ಷ. ಸಂಗೀತಗಾರರ ಕೆಲವು ಕುಟುಂಬಗಳು ಆಶ್ರಯವನ್ನು ಅರಸಿ ಮದರಾಸಿನ ಕಡೆಗೆ ಹೋದ ಕಾಲವದು.

1798ರಲ್ಲಿ ಎರಡನೆಯ ಸರ್ಫೋಜಿ ಮಹಾರಾಜನು ಸಿಂಹಾಸನವೇರಿದನು. ಮರುವರ್ಷದ ಒಪ್ಪಂದದಂತೆ ರಾಜ್ಯದ ಆಡಳಿತವೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ರಾಜನಿಗೆ ಕೋಟೆಯೂ ವರ್ಷಾಶನವೂ ಉಳಿದವು. ಆದರೆ ಸರ್ಫೋಜಿಯು ಕೆಟ್ಟ ದೊರೆಯಲ್ಲ. ಬಹುಭಾಷಾವಿದನೂ ವಿದ್ಯಾಪಕ್ಷಪಾತಿಯೂ ಆಗಿದ್ದ ಆತನು ಸರಸ್ವತೀ ಮಹಲ್ ಗ್ರಂಥಭಂಡಾರವನ್ನು ತಾಳೆಗರಿ ಗ್ರಂಥಗಳಿಂದ ತುಂಬಿಸಿದನು, ಸಂಗೀತ ನೃತ್ಯಗಳಿಗೆ ಉದಾರವಾಗಿ ಆಶ್ರಯವಿತ್ತನು. ಆದುದರಿಂದ ಅಂತಹ ದೊರೆಯನ್ನು ಒಲ್ಲೆನೆಂದವರು ದುಷ್ಟನೊಬ್ಬನಿಂದ ದೂರವಾದರೆಂದು ತಿಳಿಯಲಾಗದು. ಒಳ್ಳೆಯದೇ ಆದ, ಗೌರವದಿಂದಲೇ ಬಂದ ಆಹ್ವಾನವನ್ನು ಅವರು ನಿರಾಕರಿಸಿದರು. ಕೆಟ್ಟವರ ಮಾತನ್ನು ತಳ್ಳುವುದು ಸುಲಭ. ಒಳ್ಳೆಯವರ ಪ್ರೀತಿಯ ಮಾತಿಗೆ ಒಲ್ಲೆನೆನ್ನುವುದೇ ಕಷ್ಟ.

ಆಸ್ಥಾನದ ಕರೆ

ಸಂಪ್ರದಾಯದ ಕಥೆ ಹೀಗಿದೆ. ಗುರುಗಳಾದ ವೆಂಕಟರಮಣಯ್ಯನವರು ಒಮ್ಮೆ ತಮ್ಮ ಮನೆಯಲ್ಲಿ ವಿದ್ವಾಂಸರ ಸಮ್ಮುಖದಲ್ಲಿ ಶಿಷ್ಯನ ಗಾನವನ್ನು ಏರ್ಪಡಿಸಿದರು. ತ್ಯಾಗರಾಜರು ರಾತ್ರಿ ಆರಂಭಿಸಿದ ಗಾಯನವು ಬೆಳಗಿನ ಜಾವದವರೆಗೆ ನಡೆಯಿತು. ಹರ್ಷಭರಿತರಾದ ಗುರುಗಳು ಈ ವಾರ್ತೆಯನ್ನು ಮಹಾರಾಜನಿಗೆ ಅರುಹಿದರು. ಮಹಾರಾಜನು ಕಾಣಿಕೆಗಳೊಡನೆ ಆಹ್ವಾನವನ್ನು ಕಳುಹಿಸಿದನು. ಆಸ್ಥಾನಕ್ಕೆ ಬಂದು ಹಾಡಬೇಕು, ಪ್ರಭುವಿನ ಮೇಲೊಂದು ಕೃತಿಯನ್ನು ರಚಿಸಬೇಕು ಎಂಬುದು ಅದರ ಆಶಯ. ತ್ಯಾಗರಾಜರು ಕಾಣಿಕೆಗಳನ್ನು ಹಿಂದಿರುಗಿಸಿದರು. ನಿಧಿಯು ಸುಖವೋ ಶ್ರೀರಾಮನ ಸನ್ನಿಧಿಯು ಸುಖವೋ ಎಂದು ಮನಸ್ಸನ್ನೇ ಪ್ರಶ್ನಿಸುವ ಅವರ ಕಲ್ಯಾಣಿ ರಾಗದ ಕೃತಿಯು ಆ ಸಂದರ್ಭದಲ್ಲಿ ಹುಟ್ಟಿತೆಂದು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಕೃತಿಯಲ್ಲಿ ರಾಜನ ನಿಂದೆಯಿಲ್ಲ. ಪ್ರಶ್ನೆಯು ರಾಜನಿಗೆ ಹಾಕಿದ್ದಲ್ಲ, ತಮ್ಮ ಮನಸ್ಸಿಗೆ ಹಾಕಿಕೊಂಡದ್ದು. ಕಾಣಿಕೆಯನ್ನು ಕಂಡಾಗ ತಮ್ಮ ಮನಸ್ಸೂ ಒಂದು ಕ್ಷಣ ಅತ್ತ ನೋಡಬಹುದೆಂಬುದನ್ನು ಬಲ್ಲವರು ಮಾತ್ರ ಹಾಗೆ ಪ್ರಶ್ನಿಸಿಕೊಳ್ಳಬಲ್ಲರು. ಅವರು ಗೆದ್ದದ್ದು ಅರಸನನ್ನಲ್ಲ, ಅರಸನ ಮೆಚ್ಚುಗೆಯನ್ನು ಬಯಸುವ ತಮ್ಮೊಳಗಿನ ಆಸೆಯನ್ನು.

ಕಾಲಾಂತರದಲ್ಲಿ ಇಂತಹುದೇ ಇನ್ನೊಂದು ಕರೆ ತಿರುವಾಂಕೂರಿನಿಂದ ಬಂದಿತು. ಅಲ್ಲಿಯ ದೊರೆ ಸ್ವಾತಿ ತಿರುನಾಳ್ ಮಹಾರಾಜನು ಸ್ವತಃ ವಾಗ್ಗೇಯಕಾರ, ಪದ್ಮನಾಭನ ಪರಮಭಕ್ತ. ಆತನ ಆಸ್ಥಾನದ ವಿದ್ವಾಂಸ, ತಂಜಾವೂರು ಸಹೋದರರಲ್ಲಿ ಒಬ್ಬನಾದ ವಡಿವೇಲುವು ತಿರುವೈಯ್ಯಾರಿಗೆ ಬಂದು, ತ್ಯಾಗರಾಜರು ಸ್ನಾನಕ್ಕೆ ಹೋಗುವ ದಾರಿಯಲ್ಲಿ ಮನೆ ಹಿಡಿದು ದಿನವೂ ಇಂಪಾಗಿ ಹಾಡುತ್ತಿದ್ದನಂತೆ. ಆ ಗಾನಕ್ಕೆ ಮನಸೋತ ತ್ಯಾಗರಾಜರು ಆತನ ಬಯಕೆಯೇನೆಂದು ಕೇಳಿದಾಗ, ತಿರುವನಂತಪುರಕ್ಕೆ ಬಂದು ಮಹಾರಾಜನಿಗೆ ದರ್ಶನವೀಯಬೇಕೆಂದು ಬೇಡಿಕೊಂಡನಂತೆ. ಮೆಚ್ಚುಗೆಯ ನಂತರ ಬರುವ ಕೋರಿಕೆಗೆ ಇಲ್ಲವೆನ್ನಲು ಯಾರಿಗೂ ನಾಲಗೆ ಏಳದು. ತ್ಯಾಗರಾಜರು ಆತನ ಗಾನವನ್ನು ಮನಸಾರೆ ಹೊಗಳಿ, ಮಹಾರಾಜನ ಭಕ್ತಿಯನ್ನೂ ಕೊಂಡಾಡಿ, ತಾವಿಬ್ಬರೂ ಭಗವಂತನ ಸನ್ನಿಧಿಯಲ್ಲಿಯೇ ಕೂಡುವೆವೆಂದು ತಿಳಿಸಿ ಪ್ರಯಾಣವನ್ನು ಒಲ್ಲೆನೆಂದರು ಎಂಬುದು ಪರಂಪರೆಯ ಮಾತು. ಆ ಮಹಾರಾಜನು 1846ರ ಡಿಸೆಂಬರಿನ ಕೊನೆಯಲ್ಲಿ ದೇಹವನ್ನು ತ್ಯಜಿಸಿದನು. ತ್ಯಾಗರಾಜರು ದೇಹವನ್ನು ಬಿಟ್ಟುದು ಮುಂದಿನ ಎರಡು ವಾರಗಳೊಳಗಾಗಿ ಎಂಬುದನ್ನು ನೆನೆದರೆ ಆ ಮಾತಿಗೆ ಬೇರೆಯೇ ಅರ್ಥ ಹೊಳೆಯುತ್ತದೆ.

ಮನೆಯೊಳಗಿನ ಪರೀಕ್ಷೆ

ಹೊರಗಿನವರ ಕೋಪವನ್ನು ಸಹಿಸುವುದು ಒಂದು ಬಗೆ, ಮನೆಯವರ ಅಸಮಾಧಾನವನ್ನು ಸಹಿಸುವುದು ಇನ್ನೊಂದು. ಆಸ್ಥಾನದ ಕಾಣಿಕೆ ಬಾಗಿಲವರೆಗೆ ಬಂದು ಹಿಂದಿರುಗಿದಾಗ ತ್ಯಾಗರಾಜರ ಹಿರಿಯಣ್ಣನು ಕುಪಿತನಾದನು. ಕಥೆ ಹೇಳುವವರು ಈ ಅಣ್ಣನನ್ನು ಸಾಮಾನ್ಯವಾಗಿ ಖಳನಂತೆ ಚಿತ್ರಿಸುತ್ತಾರೆ. ಆದರೆ ಸಂಸಾರಿಗಳಾದ ನಾವು ಆತನ ಪಕ್ಷವನ್ನೂ ಒಮ್ಮೆ ಆಲೋಚಿಸಬೇಕು. ಬರ ಮತ್ತು ಯುದ್ಧಗಳನ್ನು ಕಂಡ ಸೀಮೆ. ತಂದೆಯಿಲ್ಲದ ಮನೆ. ತಮ್ಮನಲ್ಲಿ ಅಸಾಧಾರಣ ವಿದ್ಯೆ ಇದೆ, ಆ ವಿದ್ಯೆಗೆ ಬೆಲೆ ಕೊಡುವ ದೊರೆಯೂ ಇದ್ದಾನೆ. ಒಂದು ಹಾಡನ್ನು ಹಾಡಿದರೆ ಮನೆಯ ಕಷ್ಟವೆಲ್ಲ ತೀರುತ್ತದೆ. ಹಾಡಲಾರೆನೆಂದು ತಮ್ಮ ಹಟ ಹಿಡಿದರೆ ಅಣ್ಣನಿಗೆ ಅದು ಹೊಣೆಗೇಡಿತನವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಇದೇ ವಾದ ನಡೆಯುತ್ತದೆ.

ಆದರೆ ಅಣ್ಣನ ಕೋಪ ಎಲ್ಲೆ ಮೀರಿತು. ತಮ್ಮನ ಹಟಕ್ಕೆಲ್ಲ ಕಾರಣ ಆತನು ಪೂಜಿಸುವ ವಿಗ್ರಹವೇ ಎಂದು ತಿಳಿದು, ಶ್ರೀರಾಮನ ವಿಗ್ರಹವನ್ನು ಕಾವೇರಿಯಲ್ಲಿ ಎಸೆದುಬಿಟ್ಟನೆಂದು ಚರಿತ್ರೆ ಹೇಳುತ್ತದೆ. ತ್ಯಾಗರಾಜರ ಶೋಕಕ್ಕೆ ಪಾರವಿಲ್ಲದಾಯಿತು. ಸ್ವಾಮಿಯನ್ನು ಎಲ್ಲಿ ಹುಡುಕಲೆಂದು ಪರಿತಪಿಸುವ ಕೃತಿಗಳು ಆ ದಿನಗಳವೆಂದು ಹೇಳುತ್ತಾರೆ. ಕೊನೆಗೆ ನದಿಯ ಮರಳಿನಲ್ಲಿ ವಿಗ್ರಹ ದೊರೆಯಿತು. ಬಿಲಹರಿ ರಾಗದಲ್ಲಿ ಆ ಆನಂದವನ್ನು ಹಾಡಿ ಅವರು ಸ್ವಾಮಿಯನ್ನು ಮನೆಗೆ ಕರೆತಂದರು.

ಈ ಕಥೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದುದು ಒಂದಿದೆ. ವಿಗ್ರಹ ಕಳೆದುಹೋದಾಗ ತ್ಯಾಗರಾಜರು ಅಣ್ಣನ ಮೇಲೆ ಸೇಡಿಗೆ ಹೊರಡಲಿಲ್ಲ, ಹೆದರಿ ಆಸ್ಥಾನಕ್ಕೂ ಹೋಗಲಿಲ್ಲ. ಅವರು ಹುಡುಕಿದರು, ಅತ್ತರು, ಹಾಡಿದರು. ಪರರನ್ನು ಮೆಚ್ಚಿಸುವುದನ್ನು ಬಿಟ್ಟವನಿಗೆ ದುಃಖವೇ ಬಾರದೆಂದು ಭಾವಿಸುವುದು ತಪ್ಪು. ದುಃಖ ಬಂದೇ ಬರುತ್ತದೆ. ಬಂದ ದುಃಖವನ್ನು ಯಾರಿಗೆ ಒಪ್ಪಿಸಬೇಕೆಂಬುದು ಅವನಿಗೆ ತಿಳಿದಿರುತ್ತದೆ, ಅಷ್ಟೇ ವ್ಯತ್ಯಾಸ.

ಹಿಡಿಯಕ್ಕಿಯ ಸ್ವಾತಂತ್ರ್ಯ

ಹಾಗಾದರೆ ಅವರ ಜೀವನೋಪಾಯವೇನು? ಉಂಛವೃತ್ತಿ. ತಂಬೂರಿಯನ್ನು ಹಿಡಿದು, ರಾಮನಾಮವನ್ನು ಹಾಡುತ್ತ ತಿರುವೈಯ್ಯಾರಿನ ಬೀದಿಗಳಲ್ಲಿ ನಡೆದು, ಗೃಹಿಣಿಯರು ಹಾಕಿದ ಅಕ್ಕಿಯಿಂದ ಆ ದಿನದ ನೈವೇದ್ಯವನ್ನೂ ಸಂಸಾರವನ್ನೂ ಶಿಷ್ಯರ ಊಟವನ್ನೂ ನಡೆಸುವುದು. ನಮ್ಮ ಹರಿದಾಸರ ಯಾಯಿವಾರಕ್ಕೂ ಗೋಪಾಳಬುತ್ತಿಗೂ ಇದಕ್ಕೂ ಭೇದವಿಲ್ಲ.

ಅರಸನ ಹೊನ್ನನ್ನು ಒಲ್ಲದವರು ನೆರೆಮನೆಯ ಅಕ್ಕಿಯನ್ನು ಬೇಡಿದರೆ ಅದೂ ಪರಾಧೀನತೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಈ ವೃತ್ತಿಯ ಮರ್ಮವಿದೆ. ಒಬ್ಬನಿಂದ ಸಾವಿರ ಹೊನ್ನು ಪಡೆದವನು ಆ ಒಬ್ಬನ ಮುಖವನ್ನು ದಿನವೂ ನೋಡಬೇಕು, ಅವನು ನಕ್ಕಾಗ ನಗಬೇಕು, ಮುನಿದಾಗ ನಡುಗಬೇಕು. ನೂರು ಮನೆಗಳಿಂದ ಹಿಡಿಹಿಡಿ ಅಕ್ಕಿ ಪಡೆದವನು ಯಾರ ಋಣದಲ್ಲಿಯೂ ಸಿಕ್ಕಿಬೀಳುವುದಿಲ್ಲ. ಒಂದು ಮನೆಯ ಬಾಗಿಲು ಮುಚ್ಚಿದ್ದರೆ ಮುಂದಿನ ಮನೆಗೆ ನಡೆಯುತ್ತಾನೆ. ಅಲ್ಲದೆ ನಾಳೆಗೆಂದು ಕೂಡಿಡದ ನಿಯಮವೂ ಇದ್ದುದರಿಂದ ಕಳೆದುಕೊಳ್ಳುವ ಭಯವೂ ಇಲ್ಲ. ಬೇಡುವುದರಲ್ಲಿ ಅಹಂಕಾರವು ಕರಗುತ್ತದೆ, ಸ್ವಲ್ಪವನ್ನೇ ಬೇಡುವುದರಲ್ಲಿ ಸ್ವಾತಂತ್ರ್ಯವು ಉಳಿಯುತ್ತದೆ. ಅರಮನೆಗೆ ತಲೆಬಾಗದ ತಲೆಯು ಬಡಗೃಹಿಣಿಯ ಹೊಸ್ತಿಲ ಮುಂದೆ ಬಾಗುತ್ತಿತ್ತು. ಅವರ ನಿರಾಕರಣೆಯಲ್ಲಿ ಗರ್ವವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಬದುಕಿಗೆ ಮನೆಯವರೂ ಬೆಲೆ ತೆತ್ತರೆಂಬುದನ್ನು ಮರೆಯಬಾರದು. ತ್ಯಾಗರಾಜರ ಮೊದಲ ಪತ್ನಿ ಪಾರ್ವತಿಯು ವಿವಾಹವಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅನಂತರ ಆಕೆಯ ಸಹೋದರಿ ಕಮಲಾಂಬೆಯನ್ನು ವಿವಾಹವಾದರು. ಬಂದವರಿಗೆಲ್ಲ ಇದ್ದುದರಲ್ಲಿಯೇ ಬಡಿಸಿದ ಆ ಗೃಹಿಣಿಯರ ಹೆಸರಿಗಿಂತ ಹೆಚ್ಚಿನದನ್ನು ಚರಿತ್ರೆಯು ನಮಗೆ ಉಳಿಸಿಲ್ಲ. ಒಬ್ಬಳೇ ಮಗಳು ಸೀತಾಲಕ್ಷ್ಮಿ. ಆಕೆಯ ಮದುವೆಗೆ ಶಿಷ್ಯರಾದ ವೆಂಕಟರಮಣ ಭಾಗವತರು ಶ್ರೀರಾಮನ ಚಿತ್ರಪಟವನ್ನು ಉಡುಗೊರೆಯಾಗಿ ಹೊತ್ತುತಂದರೆಂದೂ, ತಮ್ಮನ್ನು ಕಾಪಾಡಲು ಸ್ವಾಮಿಯೇ ನಡೆದುಬಂದನೆಂದು ತ್ಯಾಗರಾಜರು ಮೋಹನ ರಾಗದಲ್ಲಿ ಹಾಡಿದರೆಂದೂ ಪ್ರತೀತಿ ಇದೆ. ಸಂಪತ್ತಿಲ್ಲದ ಮನೆಯ ಮದುವೆಯಲ್ಲಿ ಆ ಚಿತ್ರಪಟವೇ ಸಂಪತ್ತಾಯಿತು.

ಏಕಾಂತದ ಫಲ

ತಾರಕಮಂತ್ರವನ್ನು ಅವರಿಗೆ ಉಪದೇಶಿಸಿದವರು ರಾಮಕೃಷ್ಣಾನಂದರೆಂಬ ಯತಿಗಳು. ದಿನಕ್ಕೆ ಸುಮಾರು 1,25,000 ನಾಮಗಳಂತೆ 21 ವರ್ಷಗಳಲ್ಲಿ 96 ಕೋಟಿ ರಾಮನಾಮವನ್ನು ಅವರು ಪೂರೈಸಿದರೆಂದು ಸಂಪ್ರದಾಯವು ಹೇಳುತ್ತದೆ. ಲೆಕ್ಕವನ್ನು ಭಕ್ತರು ಹೇಗೆ ತಿಳಿದರೂ ಒಂದು ಸಂಗತಿ ಸ್ಪಷ್ಟ. ಇಷ್ಟು ಜಪಕ್ಕೆ ಬೇಕಾದ ಸಮಯವು ಪರರನ್ನು ಓಲೈಸುವವನ ದಿನದಲ್ಲಿ ಸಿಕ್ಕದು.

ಸಂಗೀತಕ್ಕೂ ಇದೇ ಮಾತು ಸಲ್ಲುತ್ತದೆ. ಆಸ್ಥಾನದ ವಿದ್ವಾಂಸನು ಸಭೆ ಸೇರಿದಾಗ ಹಾಡಬೇಕು, ಪ್ರಭುವು ಬಯಸಿದ ರಾಗವನ್ನೆತ್ತಬೇಕು, ವರ್ಣಗಳಲ್ಲಿ ಪ್ರಭುವಿನ ಹೆಸರನ್ನು ಹೊಗಳಬೇಕು. ತ್ಯಾಗರಾಜರಿಗೆ ಆ ಹಂಗಿರಲಿಲ್ಲ. ಆದುದರಿಂದಲೇ ಅದುವರೆಗೆ ಹೆಚ್ಚಾಗಿ ಯಾರೂ ಕೈಯಿಡದ ಖರಹರಪ್ರಿಯದಂತಹ ರಾಗಗಳಲ್ಲಿ ಒಂದರ ಮೇಲೊಂದು ಕೃತಿಯನ್ನು ರಚಿಸಿ ಅವುಗಳ ಸ್ವರೂಪವನ್ನೇ ಲೋಕಕ್ಕೆ ತೋರಿಸಿಕೊಟ್ಟರು. ಒಂದೇ ಸಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿ ಭಾವವನ್ನು ಅರಳಿಸುವ ಸಂಗತಿಗಳ ಕ್ರಮವು ಅವರ ಕೃತಿಗಳಲ್ಲಿ ಪರಿಪಕ್ವವಾಯಿತು. ಇಂದು ದೊರೆಯುವ ಅವರ ಕೃತಿಗಳು ಸುಮಾರು 700, ಬಳಸಿದ ರಾಗಗಳು 200ಕ್ಕೂ ಹೆಚ್ಚು. ಬಹುತೇಕ ತೆಲುಗಿನಲ್ಲಿ, ಕೆಲವು ಸಂಸ್ಕೃತದಲ್ಲಿ. ಪ್ರಹ್ಲಾದ ಭಕ್ತಿ ವಿಜಯದ ಜೊತೆಗೆ ನೌಕಾ ಚರಿತ್ರವೆಂಬ ಇನ್ನೊಂದು ಗೇಯನಾಟಕವೂ ಉಳಿದಿದೆ.

ನಾಟ, ಗೌಳ, ಆರಭಿ, ವರಾಳಿ, ಶ್ರೀರಾಗಗಳ ಪಂಚರತ್ನ ಕೃತಿಗಳು ಅವರ ಮೇರುರಚನೆಗಳು. ಇವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ಬಹು ಹತ್ತಿರ. ಗೌಳ ರಾಗದ ಕೃತಿಯಲ್ಲಿ ತಮ್ಮ ದೋಷಗಳನ್ನೇ ಒಂದೊಂದಾಗಿ ಎಣಿಸಿ, ಇಂತಹವನನ್ನು ಯಾರು ತಾನೇ ಕಾಪಾಡಿಯಾರೆಂದು ಭಗವಂತನನ್ನು ಕೇಳುತ್ತಾರೆ. ಶ್ರೀರಾಗದ ಕೃತಿಯಲ್ಲಿ ಲೋಕದಲ್ಲಿರುವ ಎಲ್ಲ ಮಹಾನುಭಾವರಿಗೂ ವಂದನೆ ಸಲ್ಲಿಸುತ್ತಾರೆ. ಲೋಕದ ಹೊಗಳಿಕೆಯನ್ನು ಬೇಡದವರು ಲೋಕವನ್ನು ತುಚ್ಛವಾಗಿ ಕಾಣಲಿಲ್ಲ. ದೋಷವನ್ನೆಣಿಸುವಾಗ ಕೈ ತಮ್ಮ ಕಡೆಗೆ, ವಂದಿಸುವಾಗ ಕೈ ಲೋಕದ ಕಡೆಗೆ. ಮುಖಸ್ತುತಿ ಮಾಡುವವನದು ಇದಕ್ಕೆ ವಿಪರೀತ. ಎದುರಿಗೆ ಹೊಗಳುತ್ತಾನೆ, ಮನಸ್ಸಿನಲ್ಲಿ ಅವನನ್ನೇ ಹಳಿಯುತ್ತಾನೆ.

ಕೇರಳದಿಂದ ಬಂದ ಷಟ್ಕಾಲ ಗೋವಿಂದ ಮಾರಾರರು ಜಯದೇವನ ಅಷ್ಟಪದಿಯನ್ನು ಆರು ಕಾಲಗಳಲ್ಲಿ ಹಾಡಿದಾಗ ತ್ಯಾಗರಾಜರು ಆನಂದಪರವಶರಾಗಿ ಅವರನ್ನು ಗೌರವಿಸಿದರೆಂದೂ, ಆಗಲೇ ಶ್ರೀರಾಗದ ಈ ಕೃತಿಯನ್ನು ಶಿಷ್ಯರೊಡನೆ ಹಾಡಿಸಿದರೆಂದೂ ಪರಂಪರೆಯಲ್ಲಿದೆ. ಮಾರಾರರು ಮುಂದೆ ಪಂಢರಾಪುರಕ್ಕೆ ಹೋಗಿ 1843ರಲ್ಲಿ ವಿಠ್ಠಲನ ಸನ್ನಿಧಿಯಲ್ಲಿಯೇ ದೇಹವನ್ನಿಟ್ಟರು. ಕಾಣಿಕೆ ತಂದ ರಾಜದೂತನಿಗೆ ಸಿಕ್ಕದ ಮೆಚ್ಚುಗೆಯು ಬರಿಗೈಯಲ್ಲಿ ಬಂದ ಗುಣವಂತನಿಗೆ ಕೇಳದೆಯೇ ಸಿಕ್ಕಿತು.

ವೃದ್ಧಾಪ್ಯದ ಯಾತ್ರೆ

ಅರಸರು ಕರೆದಾಗ ಊರನ್ನು ಬಿಡದ ತ್ಯಾಗರಾಜರು ಎಪ್ಪತ್ತನ್ನು ದಾಟಿದ ಮೇಲೆ ದೀರ್ಘಯಾತ್ರೆಗೆ ಹೊರಟರು. ಕಾರಣ ಒಬ್ಬ ಯತಿಯ ಪತ್ರ. ಕಾಂಚೀಪುರದ ಉಪನಿಷದ್‌ಬ್ರಹ್ಮೇಂದ್ರರು ಬರೆದ ಆಹ್ವಾನವನ್ನು ಅವರು ಶಿರಸಾವಹಿಸಿದರು. ತಮ್ಮ ಇಚ್ಛೆಯಂತೆ ಬಾಳುವುದೆಂದರೆ ಯಾರ ಮಾತನ್ನೂ ಕೇಳದಿರುವುದಲ್ಲ, ಯಾರ ಮಾತನ್ನು ಕೇಳಬೇಕೆಂಬ ವಿವೇಕವನ್ನು ಉಳಿಸಿಕೊಳ್ಳುವುದು. ಕಂಚಿ, ತಿರುಪತಿ, ಮದರಾಸು, ತಿರುವೊತ್ತಿಯೂರು, ಲಾಲ್ಗುಡಿ, ಶ್ರೀರಂಗಗಳು ಅವರ ಪಾದಸ್ಪರ್ಶವನ್ನು ಪಡೆದವು. ತಿರುವೊತ್ತಿಯೂರು, ಲಾಲ್ಗುಡಿ ಮತ್ತು ಶ್ರೀರಂಗಗಳ ದೇವತೆಗಳ ಮೇಲೆ ಐದೈದು ಕೃತಿಗಳ ಗುಚ್ಛಗಳೂ ಹೊರಹೊಮ್ಮಿದವು.

ಈ ಯಾತ್ರೆಯಲ್ಲಿಯೇ ಮದರಾಸಿನ ಸಮೀಪದ ಕೋವೂರಿನ ಪ್ರಸಂಗ ನಡೆದುದು. ಅಲ್ಲಿಯ ಶ್ರೀಮಂತ ಸುಂದರೇಶ ಮುದಲಿಯಾರರು ತ್ಯಾಗರಾಜರನ್ನು ಮನೆಯಲ್ಲಿರಿಸಿಕೊಂಡು ಭಕ್ತಿಯಿಂದ ಉಪಚರಿಸಿದರು. ತಮ್ಮ ಮೇಲೊಂದು ಕೃತಿಯಾಗಬೇಕೆಂಬ ಆಸೆ ಅವರಿಗೆ. ಅನ್ನವಿತ್ತ ಆತಿಥೇಯನ ಆಸೆ, ಪಕ್ಕದಲ್ಲಿಯೇ ನಿಂತು ಕೇಳಿದ ಆಸೆ. ತ್ಯಾಗರಾಜರು ಕಠಿಣವಾದ ಮಾತನ್ನಾಡಲಿಲ್ಲ. ಊರ ದೇವಾಲಯಕ್ಕೆ ಹೋಗಿ ಅದೇ ಹೆಸರಿನ ಸುಂದರೇಶ್ವರನ ಮೇಲೆ ಐದು ಕೃತಿಗಳನ್ನು ಹಾಡಿದರು. ಅವೇ ಕೋವೂರು ಪಂಚರತ್ನಗಳು. ಆತಿಥೇಯನಿಗೆ ಅಪಮಾನವಾಗಲಿಲ್ಲ, ವ್ರತಕ್ಕೆ ಭಂಗವೂ ಬರಲಿಲ್ಲ. ಒಂದು ವೇಳೆ ದಾಕ್ಷಿಣ್ಯಕ್ಕೆ ಒಳಗಾಗಿ ಮುದಲಿಯಾರರನ್ನೇ ಹೊಗಳಿದ್ದರೆ ಆ ಕೃತಿಯನ್ನು ಇಂದು ಯಾರು ಹಾಡುತ್ತಿದ್ದರು? ದೇವರನ್ನು ಹಾಡಿದುದರಿಂದ ಊರಿನ ಹೆಸರೂ ಆತಿಥ್ಯದ ನೆನಪೂ ಒಟ್ಟಿಗೆ ಉಳಿದುವು.

ಕೊನೆಯ ದಿನಗಳು ಮತ್ತು ಅನಂತರ

ಪರಾಭವ ಸಂವತ್ಸರದ ಪುಷ್ಯ ಬಹುಳ ಪಂಚಮಿ, 1847ನೆಯ ಇಸವಿ ಜನವರಿ 6. ಅದಕ್ಕೆ ಮುನ್ನ ಸಂನ್ಯಾಸಾಶ್ರಮವನ್ನು ಸ್ವೀಕರಿಸಿದ್ದ ತ್ಯಾಗರಾಜರು ಆ ದಿನ ಶಿಷ್ಯರ ನಾಮಸಂಕೀರ್ತನೆಯ ನಡುವೆ ದೇಹವನ್ನು ತ್ಯಜಿಸಿದರು. ಕಾವೇರಿಯ ದಡದಲ್ಲಿಯೇ ಸಮಾಧಿಯಾಯಿತು. ಪುರಂದರದಾಸರ ಪುಣ್ಯದಿನವು ಅದೇ ಪುಷ್ಯ ಬಹುಳದ ಅಮಾವಾಸ್ಯೆ. ನವಕೋಟಿಯನ್ನು ಬಿಟ್ಟು ತಂಬೂರಿ ಹಿಡಿದ ದಾಸಶ್ರೇಷ್ಠರ ಆರಾಧನೆಗೂ, ಆಸ್ಥಾನವನ್ನು ಒಲ್ಲದೆ ತಂಬೂರಿ ಹಿಡಿದ ತ್ಯಾಗರಾಜರ ಆರಾಧನೆಗೂ ನಡುವೆ ಹತ್ತೇ ತಿಥಿಗಳ ಅಂತರ.

ಅವರ ನೇರ ಸಂತತಿಯು ಮೊಮ್ಮಗನಿಗೇ ನಿಂತಿತು. ಸಮಾಧಿಯು ದಶಕಗಳ ಕಾಲ ಅಲಕ್ಷಿತವಾಗಿ ಉಳಿದು, 20ನೆಯ ಶತಮಾನದ ಆರಂಭದಲ್ಲಿ ಶಿಷ್ಯಪರಂಪರೆಯವರ ಗಮನಕ್ಕೆ ಬಂದಿತು. ಆರಾಧನೆ ಆರಂಭವಾದರೂ ಸಂಗೀತಗಾರರು ಪಂಗಡಗಳಾದರು. ಸಮಾಧಿಗೆ ಆಲಯವನ್ನು ಕಟ್ಟಿಸುವ ಭಾಗ್ಯವು ಕನ್ನಡನಾಡಿನ ಮಗಳೊಬ್ಬಳಿಗೆ ದೊರೆಯಿತು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ್ದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಗಳಿಕೆಯನ್ನೆಲ್ಲ ಈ ಕಾರ್ಯಕ್ಕೆ ಸುರಿದರು. 1921ರಲ್ಲಿ ಅಡಿಗಲ್ಲು ಬಿದ್ದು 1925ರಲ್ಲಿ ಕುಂಭಾಭಿಷೇಕವಾಯಿತು. ಆದರೆ ಆಲಯವನ್ನು ಕಟ್ಟಿಸಿದ ಆಕೆಗೇ ಆರಾಧನೆಯಲ್ಲಿ ಹಾಡಲು ಅವಕಾಶವಿರಲಿಲ್ಲ, ಸ್ತ್ರೀಯರು ಹಾಡಬಾರದೆಂಬುದು ಅಂದಿನವರ ಕಟ್ಟಳೆ. ಆಕೆ ಬೇಡಿಕೊಳ್ಳುತ್ತ ಕೂರಲಿಲ್ಲ. ಸ್ತ್ರೀಯರದೇ ಆರಾಧನೆಯನ್ನು ಆಲಯದ ಹಿಂಬದಿಯಲ್ಲಿ ನಡೆಸಿದರು. 1940ರ ದಶಕದ ಆರಂಭದಲ್ಲಿ ಪಂಗಡಗಳೆಲ್ಲ ಒಂದಾಗಿ ಸ್ತ್ರೀಪುರುಷರೆಲ್ಲರೂ ಹಾಡುವಂತಾಯಿತು. 1952ರಲ್ಲಿ ಆಕೆ ತೀರಿಕೊಂಡಾಗ ಗುರುವಿನ ಸಮಾಧಿಯ ಎದುರಿನಲ್ಲಿಯೇ ಆಕೆಯ ಸ್ಮಾರಕವಾಯಿತು.

ಶಿಷ್ಯಪರಂಪರೆಯು ಕನ್ನಡನಾಡಿಗೂ ಹರಿದುಬಂದಿತು. ತ್ಯಾಗರಾಜರ ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್, ಅವರ ಶಿಷ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ಅವರ ಶಿಷ್ಯರು ಮೈಸೂರು ವಾಸುದೇವಾಚಾರ್ಯರು. ಮೈಸೂರರಸರ ನೆರವಿನಿಂದ ತಿರುವೈಯ್ಯಾರಿಗೆ ಹೋಗಿ ಕಲಿತುಬಂದ ವಾಸುದೇವಾಚಾರ್ಯರು ಆಸ್ಥಾನ ವಿದ್ವಾಂಸರಾಗಿದ್ದುಕೊಂಡೇ ತಮ್ಮ ಕೃತಿಗಳಲ್ಲಿ ವಾಸುದೇವನನ್ನು ಸ್ತುತಿಸಿದರು. ಆದುದರಿಂದ ಆಸ್ಥಾನದಲ್ಲಿರುವುದೇ ದೋಷವೆಂದು ತಿಳಿಯಬಾರದು. ವಿದ್ಯೆಯು ಯಾರಿಗೆ ಅರ್ಪಿತವಾಗಿದೆಯೆಂಬುದೇ ಮುಖ್ಯ.

ನಮಗೆ ಇರುವ ಪಾಠ

ಇಂದಿನ ನಗರಜೀವನದಲ್ಲಿ ಉಂಛವೃತ್ತಿಯನ್ನು ಹಿಡಿಯಲು ನಮಗೆ ಸಾಧ್ಯವಿಲ್ಲ. ಉದ್ಯೋಗವಿದೆ, ಮೇಲಧಿಕಾರಿಗಳಿದ್ದಾರೆ, ಮಕ್ಕಳ ವಿದ್ಯಾಭ್ಯಾಸವಿದೆ. ಆದರೆ ಬೇಕುಗಳು ಕಡಿಮೆಯಾದಷ್ಟೂ ಹಂಗು ಕಡಿಮೆಯಾಗುತ್ತದೆಂಬ ಹಿಡಿಯಕ್ಕಿಯ ತತ್ತ್ವವನ್ನು ಯಾವ ನಗರದಲ್ಲಿದ್ದರೂ ಪಾಲಿಸಬಹುದು. ಇಲ್ಲವೆನ್ನಬೇಕಾದಲ್ಲಿ ಕೋವೂರಿನ ರೀತಿಯಲ್ಲಿ ಮೃದುವಾಗಿ ಇಲ್ಲವೆನ್ನಬಹುದು. ಮನೆಯವರು ಒಪ್ಪದಿದ್ದಾಗ ಅವರ ಭಯವೇನೆಂದು ತಿಳಿದುಕೊಳ್ಳಬಹುದು, ತಿಳಿದುಕೊಂಡ ಮೇಲೂ ತಮ್ಮ ನಿಷ್ಠೆಯನ್ನು ಉಳಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಹಲವರನ್ನು ಮೆಚ್ಚಿಸುವುದನ್ನು ಬಿಡಬೇಕಾದರೆ ಮನಸ್ಸಿಗೆ ನೆಲೆಯಾಗಿ ಒಬ್ಬನು ಬೇಕು. ಸ್ವತಂತ್ರನು ಭಗವಂತನೊಬ್ಬನೇ, ಜೀವರೆಲ್ಲರೂ ಅವನ ಅಧೀನರೆಂಬುದನ್ನು ನಾವು ನಿತ್ಯವೂ ಕೇಳುತ್ತೇವೆ. ಆ ಒಬ್ಬನ ಅಧೀನದಲ್ಲಿದ್ದೇನೆಂದು ದೃಢವಾಗಿ ತಿಳಿದವನು ಉಳಿದವರೆಲ್ಲರ ಅಧೀನದಿಂದ ಬಿಡುಗಡೆಯಾಗುತ್ತಾನೆ. ತ್ಯಾಗರಾಜರು ನಮ್ಮ ಸಂಪ್ರದಾಯದವರಲ್ಲದಿದ್ದರೂ ಈ ಮಾತಿಗೆ ಅವರ ಬದುಕು ಒಳ್ಳೆಯ ನಿದರ್ಶನ.

ಕುಂಭಕೋಣಕ್ಕೆ ಹೋಗಿ ಶ್ರೀವಿಜಯೀಂದ್ರತೀರ್ಥರ ಬೃಂದಾವನವನ್ನು ಸೇವಿಸುವ ಭಕ್ತರು ಹಿಂದಿರುಗುವಾಗ ತಿರುವೈಯ್ಯಾರಿಗೂ ಒಮ್ಮೆ ಹೋಗಿ ಬರಬೇಕು. ಅಲ್ಲಿ ಕಾವೇರಿಯು ಇಂದಿಗೂ ಆ ಸಮಾಧಿಯ ಪಕ್ಕದಲ್ಲಿಯೇ ಹರಿಯುತ್ತಾಳೆ. ಪ್ರತಿವರ್ಷವೂ ಪುಷ್ಯ ಬಹುಳ ಪಂಚಮಿಯಂದು ಊರೂರುಗಳಿಂದ ಬಂದ ವಿದ್ವಾಂಸರು, ಯಾರೂ ಸಂಭಾವನೆಯನ್ನು ಕೇಳದೆ, ಸಾಲಾಗಿ ಕುಳಿತು ಪಂಚರತ್ನಗಳನ್ನು ಒಂದೇ ಕಂಠದಿಂದ ಹಾಡುತ್ತಾರೆ. ಯಾರನ್ನೂ ಮೆಚ್ಚಿಸಲು ಹಾಡದಿದ್ದವರಿಗೆ ಲೋಕವು ಸಲ್ಲಿಸುವ ಕಾಣಿಕೆ ಅದು.

ಶ್ರೀಕೃಷ್ಣಾರ್ಪಣಮಸ್ತು